ಬಿಡುವಿನಲ್ಲಿ ಬರುವವರ ನಡುವೆ ಕೆಲಸ ಹಂಚುವುದು ಹೇಗೆ

ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಕೋಡನ್ನು ನೋಡಿ ತಿದ್ದಬಹುದಾದ ತಂತ್ರಾಂಶದ, ಯೋಜನೆಯನ್ನು ನಡೆಸುವವರಿಗೆ ಜೊತೆಗಾರರ ಸಂಬಳದ ಮೇಲಾಗಲಿ, ವೇಳೆಯ ಮೇಲಾಗಲಿ ಯಾವ ಹಿಡಿತವೂ ಇರುವುದಿಲ್ಲ. ಸ್ವಯಂಸೇವಕರು ತಮಗೆ ಬಿಡುವಾದಾಗ ಬರುತ್ತಾರೆ. ಪರೀಕ್ಷೆಯೋ, ಹೊಸ ಉದ್ಯೋಗವೋ, ಮನೆಯಲ್ಲಿ ಯಾರದಾದರೂ ಅನಾರೋಗ್ಯವೋ ಎದುರಾದರೆ ದೂರವಾಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಹೀಗಿರುವಾಗ, ಯಾರು ಬಂದರೂ ಕೆಲಸ ಎತ್ತಿಕೊಳ್ಳಲು ಸಾಧ್ಯವಾಗುವಂತೆ, ಯಾರು ಹೋದರೂ ಅದು ಇನ್ನೊಬ್ಬರ ಕೈಗೆ ದಾಟುವಂತೆ ಎಲ್ಲವನ್ನೂ ಅಣಿಗೊಳಿಸಿಡುವುದೇ ಸಂಯೋಜಕರ ಮುಖ್ಯ ಹೊಣೆ.

ಮೊದಲು ಕೆಲಸವನ್ನು ಒಡೆಯಿರಿ. ‘ಹುಡುಕಾಟವನ್ನು ಸುಧಾರಿಸಬೇಕು’ ಎಂದಷ್ಟೇ ಬರೆದ ಇಶ್ಯೂವನ್ನು (ಮಾಡಬೇಕಾದ ಕೆಲಸದ ನಮೂದನ್ನು) ಹೊಸಬರು ಕೈಗೆತ್ತಿಕೊಳ್ಳುವುದು ಅಪರೂಪ. ಹುಡುಕುವ ಪದದ ಕೊನೆಯಲ್ಲಿ ಖಾಲಿ ಜಾಗವಿದ್ದರೆ ಫಲಿತಾಂಶ ಬರುತ್ತಿಲ್ಲ, ದೋಷ ಇಂಥ ಕಡತದ ಇಂಥ ಫಂಕ್ಷನ್ನಿನಲ್ಲಿದೆ, ಇಂಥ ಪರೀಕ್ಷೆ ಪಾಸಾದರೆ ಕೆಲಸ ಮುಗಿದಂತೆ ಎಂದು ಬರೆದರೆ, ವಾರಾಂತ್ಯದಲ್ಲಿ ಎರಡು ಗಂಟೆ ಸಿಕ್ಕವರೂ ಅದನ್ನು ಮುಗಿಸಿಯಾರು. ಇಷ್ಟು ವಿವರವಾಗಿ ಬರೆಯುವ ಹೊತ್ತಿಗೆ ದೋಷವನ್ನು ನೀವೇ ಸರಿಪಡಿಸಬಹುದಿತ್ತು ಎಂಬುದು ಎಷ್ಟೋ ಸಲ ನಿಜ. ಆದರೂ ಬರೆಯಿರಿ, ಆ ಎರಡು ಗಂಟೆಯಲ್ಲಿ ನಿಮ್ಮ ಕೋಡನ್ನು ಅರಿತ ಇನ್ನೊಬ್ಬರು ಸಿಗುತ್ತಾರೆ.

ಕೆಲಸ ಹಿಡಿದವರ ಹೆಸರನ್ನು ಇಶ್ಯೂವಿನಲ್ಲೇ ನಮೂದಿಸಿ, ಅದಕ್ಕೊಂದು ಅವಧಿಯನ್ನೂ ಗೊತ್ತುಮಾಡಿ. ಎರಡು ವಾರ ಸುದ್ದಿಯಿಲ್ಲದಿದ್ದರೆ ಒಮ್ಮೆ ಸೌಜನ್ಯದಿಂದ ವಿಚಾರಿಸಿ, ಮತ್ತೊಂದು ವಾರ ಕಾದು, ಆಮೇಲೆ ಕೆಲಸವನ್ನು ಎಲ್ಲರಿಗೂ ತೆರೆದಿಡುವ ನಿಯಮವನ್ನು ಮೊದಲೇ ಪ್ರಕಟಿಸಿದ್ದರೆ, ಬಿಟ್ಟವರಿಗೆ ಅವಮಾನವಾಗುವುದಿಲ್ಲ, ಹಿಡಿಯುವವರಿಗೆ ಸಂಕೋಚವೂ ಇರುವುದಿಲ್ಲ. ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯನ್ನು ರೂಪಿಸುವ ಡೆಬಿಯನ್ ಯೋಜನೆಯಲ್ಲಿ ತಮ್ಮ ಪ್ಯಾಕೇಜನ್ನು (ಅದರಲ್ಲಿ ಸೇರಿದ ಒಂದು ತಂತ್ರಾಂಶವನ್ನು) ನೋಡಿಕೊಳ್ಳಲಾಗದವರು ಅದನ್ನು ದತ್ತು ಪಡೆಯುವಂತೆ ಇತರರನ್ನು ಕೋರಬಹುದು, ಇಲ್ಲವೇ ಅದನ್ನು ಅನಾಥವೆಂದು ಘೋಷಿಸಬಹುದು. ಎರಡಕ್ಕೂ ಅಲ್ಲಿ ಸಿದ್ಧ ಕ್ರಮವಿದೆ.

ಕಳುಹಿಸಿದ ಪ್ಯಾಚನ್ನು (ಕೋಡಿನ ತಿದ್ದುಪಡಿಯನ್ನು) ಯಾರೂ ಕಣ್ಣೆತ್ತಿ ನೋಡದಿದ್ದರೆ ಅದನ್ನು ಬರೆದವರು ಮತ್ತೆ ಬರುವುದು ಕಷ್ಟ. ಪೂರ್ಣ ಪರಿಶೀಲನೆಗೆ ಸಮಯವಿಲ್ಲದಿದ್ದರೂ, ತಲುಪಿದೆ, ಭಾನುವಾರ ನೋಡುತ್ತೇನೆ ಎಂದು ಎರಡು ದಿನದೊಳಗೆ ತಿಳಿಸಿ. ಯಾವ ಭಾಗವನ್ನು ಯಾರು ಪರಿಶೀಲಿಸುತ್ತಾರೆಂಬ ಪಟ್ಟಿ ಕೋಡಿನ ಜೊತೆಯಲ್ಲೇ ಇರಲಿ; ಲಿನಕ್ಸ್ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೆಂದೇ ‘ಮೇಂಟೇನರ್ಸ್’ ಎಂಬ ಕಡತವಿದೆ. ಆ ಯೋಜನೆಯ ಬಿಡುಗಡೆಯ ಲಯವೂ ಅನುಕರಣೀಯ: ಸುಮಾರು ಎರಡು ವಾರ ಹೊಸ ಬದಲಾವಣೆಗಳನ್ನು ಸೇರಿಸಿಕೊಂಡು, ನಂತರದ ವಾರಗಳನ್ನು ದೋಷ ತಿದ್ದಲು ಮೀಸಲಿಟ್ಟು, ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿ ಹೊರತರುತ್ತಾರೆ. ಮುಂದಿನ ಸರದಿ ದೂರವಿಲ್ಲವೆಂದು ಗೊತ್ತಿದ್ದರೆ ಅರೆಬರೆ ಕೆಲಸವನ್ನು ತುರುಕುವ ಅವಸರ ಯಾರಿಗೂ ಬರುವುದಿಲ್ಲ.

ತೀರ್ಮಾನಗಳನ್ನು ನೇರ ಸಭೆಯಲ್ಲಿ ಕೈಗೊಂಡರೆ ಆ ಹೊತ್ತಿನಲ್ಲಿ ನಿದ್ರೆಯಲ್ಲಿರುವವರು ಹೊರಗುಳಿಯುತ್ತಾರೆ. ಪ್ರಸ್ತಾವವನ್ನು ಬರಹದಲ್ಲಿಡಿ. ಅಪಾಚೆ ಎಂಬ ಪ್ರತಿಷ್ಠಾನದ ಮುಕ್ತ ತಂತ್ರಾಂಶ ಯೋಜನೆಗಳಲ್ಲಿ ಸಾಮಾನ್ಯವಾಗಿ 72 ಗಂಟೆ ಕಾದು, ಆಕ್ಷೇಪ ಬಾರದಿದ್ದರೆ ಒಪ್ಪಿಗೆಯೆಂದೇ ತಿಳಿಯುತ್ತಾರೆ. ಅಲ್ಲಿ ಕೋಡಿನ ಬದಲಾವಣೆಯನ್ನು ತಡೆಯುವವರು ತಾಂತ್ರಿಕ ಕಾರಣ ಕೊಡಲೇಬೇಕು.

ಎಲ್ಲಕ್ಕಿಂತ ಕಳವಳದ ಸಂಗತಿ ಒಬ್ಬರ ಮೇಲೆಯೇ ಬೀಳುವ ಭಾರ. ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶವನ್ನು ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಅವರು ಬಳಲಿದ್ದಾಗ, ಕೆಲಸ ನಿಧಾನವಾಯಿತೆಂಬ ಒತ್ತಡ ಹೊರಗಿನಿಂದ ಹೆಚ್ಚುತ್ತಿದ್ದಾಗ, ನೆರವಾಗುತ್ತ ವಿಶ್ವಾಸ ಗಳಿಸಿದ ಒಂದು ಖಾತೆಗೆ ಹೊಣೆ ದೊರೆಯಿತು. 2024ರ ಮಾರ್ಚ್‌ನಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಆ ಖಾತೆ ಸೇರಿಸಿದ್ದ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಪತ್ತೆಯಾಯಿತು. ಅದನ್ನು ಸಕ್ರಿಯಗೊಳಿಸುವ ತುಣುಕು ಬಳಕೆದಾರರಿಗೆ ಕೊಡುವ ಬಿಡುಗಡೆಯ ಕಟ್ಟಿನಲ್ಲಿತ್ತೇ ಹೊರತು, ಎಲ್ಲರೂ ನೋಡುವ ಮೂಲ ಕೋಡನ್ನು ಇಡುವ ಗಿಟ್ ಭಂಡಾರದಲ್ಲಿ ಇರಲಿಲ್ಲ. ಆದ್ದರಿಂದ ದಣಿಯುವ ಮೊದಲೇ ಇಬ್ಬರು ಮೂವರನ್ನು ಸಿದ್ಧಪಡಿಸಿ, ಬಿಡುಗಡೆಯ ಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಡಿ, ಒಬ್ಬರು ಸಿದ್ಧಪಡಿಸಿದ ಬಿಡುಗಡೆಯ ಕಟ್ಟನ್ನು ಇನ್ನೊಬ್ಬರು ಮೂಲ ಕೋಡಿನಿಂದ ಮತ್ತೆ ಸಿದ್ಧಪಡಿಸಿ ಹೋಲಿಸಿದ ಮೇಲೆಯೇ ಪ್ರಕಟಿಸಿ.

ಯಾರಾದರೂ ಕೆಲಸ ನಿಲ್ಲಿಸಿ ಹೊರಟಾಗ ಅವರು ಮಾಡಿದ ಕೆಲಸವನ್ನು ಹೆಸರಿಸಿ ಕೃತಜ್ಞತೆಯ ಪತ್ರ ಬರೆಯಿರಿ. ಬಳಕೆಯಲ್ಲಿಲ್ಲದ ಅನುಮತಿಗಳನ್ನು ಹಿಂಪಡೆಯುವುದು ಸುರಕ್ಷತೆಗಾಗಿ ಮಾತ್ರವೆಂದೂ, ಮರಳಿ ಬಂದ ದಿನ ಅವನ್ನು ಯಾರಲ್ಲಿ ಕೇಳಬೇಕೆಂದೂ ಆ ಪತ್ರದಲ್ಲೇ ತಿಳಿಸಿ.