ಹಳೆಯ ಯಂತ್ರಗಳಿಗೆ ಜಾಲದ ಸಂಪರ್ಕ: ನಾನು ಮಾಡಿದ ಬಗೆ

ನನ್ನ ಮನೆಯ ವಾಷಿಂಗ್ ಮಷಿನ್, ಫ್ರಿಜ್, ಗೀಸರ್ ಮೂರೂ ಸಾಧಾರಣ ಯಂತ್ರಗಳು. ಅವುಗಳಿಗೆ ವೈಫೈ ಜೋಡಿಸಿದ್ದು ತಯಾರಕರಲ್ಲ, ನಾನೇ. ಹೊಸ ಸ್ಮಾರ್ಟ್ ಯಂತ್ರ ಕೊಳ್ಳದೆ ಈ ದಾರಿ ಹಿಡಿಯಲು ಕಾರಣವಿದೆ. ಮನೆಯ ಯಂತ್ರ ತನ್ನ ಕೆಲಸಕ್ಕೆ ಎಲ್ಲೋ ಇರುವ ಸರ್ವರಿನ ಅಪ್ಪಣೆ ಕಾಯಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಜಾಲದ ಕೆಲಸ ಸುದ್ದಿ ಮುಟ್ಟಿಸುವುದು. ತೀರ್ಮಾನ ಯಂತ್ರದ ಬಳಿಯೇ ಆಗಬೇಕು. ರಿವಾಲ್ವ್ ಎಂಬ ಮನೆ ನಿಯಂತ್ರಣ ಹಬ್‌ನ ಸರ್ವರನ್ನು 2016ರ ಮೇ ತಿಂಗಳಲ್ಲಿ ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡವರ ಮನೆಯಲ್ಲಿದ್ದ ಸಾಧನಗಳೂ ಅಂದೇ ನಿರುಪಯುಕ್ತವಾದವು. ಯಂತ್ರ ಕೆಟ್ಟಿರಲಿಲ್ಲ, ಅದರ ಯಜಮಾನ ಬೇರೆಡೆ ಇದ್ದ, ಅಷ್ಟೇ.

ಮೊದಲು ಕೈಗೆತ್ತಿಕೊಂಡದ್ದು ವಾಷಿಂಗ್ ಮಷಿನ್. ಒಗೆತ ಮುಗಿದಾಗ ಫೋನಿಗೆ ಸುದ್ದಿ ಬರಬೇಕು, ಬಟ್ಟೆ ಹೊರತೆಗೆಯುವವರೆಗೆ ಅದು ನೆನಪಿಸುತ್ತಿರಬೇಕು. ಯಂತ್ರ ಬಿಚ್ಚಿ ಅದರ ಕಂಟ್ರೋಲ್ ಬೋರ್ಡಿಗೆ ತಂತಿ ಬೆಸೆಯುವ ಯೋಚನೆಯನ್ನು ಆರಂಭದಲ್ಲೇ ಕೈಬಿಟ್ಟೆ. ಇಂಥ ಅನೇಕ ಬೋರ್ಡುಗಳು ಮೇನ್ಸ್ ವಿದ್ಯುತ್ತಿನಿಂದ ಪ್ರತ್ಯೇಕವಾಗಿರುವುದಿಲ್ಲ. 5 ವೋಲ್ಟ್ ಎಂದು ಬರೆದಿರುವ ತಂತಿಯೂ ನೆಲಕ್ಕೆ ಹೋಲಿಸಿದರೆ ಪೂರ್ತಿ ಮೇನ್ಸ್ ವೋಲ್ಟೇಜಿನಲ್ಲಿರಬಹುದು. ಮುಟ್ಟಿದವರ ಜೀವಕ್ಕೆ ಅಪಾಯ. ಹೊರಗಿನಿಂದ ಯಂತ್ರದ ಸ್ಥಿತಿ ತಿಳಿಯಲು ಎರಡು ದಾರಿಗಳಿವೆ: ಮೈಗೆ ಸೆನ್ಸರ್ ಅಂಟಿಸಿ ಕಂಪನ ಅಳೆಯುವುದು, ಇಲ್ಲವೇ ಅದು ಎಳೆಯುವ ಕರೆಂಟನ್ನು ಅಳೆಯುವುದು. ಬಟ್ಟೆ ನೆನೆಯುವಾಗಲೂ ನೀರು ಕಾಯುವಾಗಲೂ ಯಂತ್ರ ಹೆಚ್ಚು ಅಲುಗುವುದಿಲ್ಲವಾದ್ದರಿಂದ ಕಂಪನದ ಸಾಕ್ಷ್ಯ ಅರೆಬರೆ. ಕರೆಂಟ್ ಎಲ್ಲವನ್ನೂ ಹೇಳುತ್ತದೆ.

ಇದಕ್ಕೆ ಎಸ್‌ಸಿಟಿ-013 ಸರಣಿಯ ಕ್ಲ್ಯಾಂಪ್ ಬಳಸಿದೆ. ಬಾಯಿ ತೆರೆದು ತಂತಿಯನ್ನು ಸುತ್ತುವರಿಯುವ ಪುಟ್ಟ ಟ್ರಾನ್ಸ್‌ಫಾರ್ಮರ್ ಇದು; ತಂತಿ ಕತ್ತರಿಸಬೇಕಿಲ್ಲ. ಆದರೆ ಫೇಸ್ ತಂತಿಯೊಂದಕ್ಕೇ ಹಾಕಬೇಕು. ಇಡೀ ಕೇಬಲ್ಲಿಗೆ ಹಾಕಿದರೆ ಫೇಸಿನಲ್ಲಿ ಹೋಗುವ, ನ್ಯೂಟ್ರಲ್‌ನಲ್ಲಿ ಮರಳುವ ಕರೆಂಟುಗಳ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕಿ ಸೊನ್ನೆ ತೋರಿಸುತ್ತದೆ. ಹಾಗಾಗಿ ಭದ್ರವಾದ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮೂರೂ ತಂತಿಗಳು ಬೇರೆ ಬೇರೆಯಾಗಿ ಹಾಯುವಂತೆ ಒಂದು ಗಿಡ್ಡ ಎಕ್ಸ್‌ಟೆನ್ಷನ್ ಕಟ್ಟಿಕೊಂಡೆ. ಈ ಸರಣಿಯಲ್ಲಿ 100 ಆಂಪಿಯರಿನ ಮಾದರಿಯೇ ಹೆಚ್ಚು ಹೆಸರುವಾಸಿ, ಆದರೆ ಒಂದೇ ಯಂತ್ರಕ್ಕೆ ಅದು ಅತಿಯಾಯಿತು. ಸಣ್ಣ ಕರೆಂಟುಗಳು ಅದರಲ್ಲಿ ಗದ್ದಲದೊಳಗೆ ಮುಳುಗಿಹೋಗುತ್ತವೆ. ನೀರು ಕಾಯಿಸುವಾಗ ಯಂತ್ರ ಸುಮಾರು 2000 ವಾಟ್ ಎಳೆಯುತ್ತದೆ. 230 ವೋಲ್ಟಿನಲ್ಲಿ ಅದು 9 ಆಂಪಿಯರಿಗೆ ತುಸು ಕಡಿಮೆ. 15 ಆಂಪಿಯರಿಗೆ 1 ವೋಲ್ಟ್ ಕೊಡುವ ಮಾದರಿ ನನಗೆ ಸರಿಹೋಯಿತು.

ಓದುವ ಮಿದುಳು ಇಎಸ್‌ಪಿ32 ಎಂಬ, ವೈಫೈ ಒಳಗೊಂಡ ಪುಟ್ಟ ಕಂಪ್ಯೂಟರ್ ಚಿಪ್. ಕ್ಲ್ಯಾಂಪಿನಿಂದ ಬರುವುದು ಸೊನ್ನೆಯ ಎರಡೂ ಬದಿಗೆ ತೂಗುವ ಪರ್ಯಾಯ ಸಂಕೇತ. ಚಿಪ್ ಋಣ ವೋಲ್ಟೇಜನ್ನು ಓದಲಾರದು. ಸಮಾನವಾದ ಎರಡು ರೆಸಿಸ್ಟರುಗಳಿಂದ 3.3 ವೋಲ್ಟನ್ನು ಅರ್ಧಕ್ಕೆ ಇಳಿಸಿ, ಒಂದು ಕೆಪಾಸಿಟರ್ ಸೇರಿಸಿ, ಸಂಕೇತವನ್ನು 1.65 ವೋಲ್ಟಿನ ಮೇಲೆ ಕೂರಿಸಿದರೆ ಸಮಸ್ಯೆ ತೀರುತ್ತದೆ. ಇದನ್ನು ಮಾಡಹೊರಟವರು ಇನ್ನೊಂದು ವಿಷಯ ನೆನಪಿಡಬೇಕು: ಈ ಚಿಪ್ಪಿನಲ್ಲಿ ಅನಲಾಗ್ ಓದುವ ಘಟಕಗಳು ಎರಡಿವೆ. ವೈಫೈ ಚಾಲೂ ಇರುವಾಗ ಎರಡನೆಯದನ್ನು ನೆಚ್ಚಲಾಗದು. ಆದ್ದರಿಂದ 32ರಿಂದ 39ರವರೆಗಿನ ಪಿನ್ನುಗಳಲ್ಲೇ ಒಂದಕ್ಕೆ ಜೋಡಿಸಿ. ಮಾದರಿ ಸಂಗ್ರಹಿಸುವ ಅವಧಿಯನ್ನು 100 ಮಿಲಿಸೆಕೆಂಡಿಗೆ ನಿಗದಿಪಡಿಸಿದ್ದೇನೆ. 50 ಹರ್ಟ್ಸ್‌ನಲ್ಲಿ ಅದರೊಳಗೆ ಸರಿಯಾಗಿ 5 ಆವರ್ತಗಳು, 60 ಹರ್ಟ್ಸ್‌ನಲ್ಲಿ 6 ಆವರ್ತಗಳು ಹಿಡಿಸುತ್ತವೆ. ಅರ್ಧ ಆವರ್ತ ಎಲ್ಲೂ ತುಂಡಾಗಿ ಉಳಿಯುವುದಿಲ್ಲ, ಲೆಕ್ಕ ನಡುಗುವುದಿಲ್ಲ.

ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಮುಂದಿನ ಹಂತ. ಯಂತ್ರದ ಸ್ಥಿತಿ ಗುರುತಿಸುವ ಕೋಡ್ ಬರೆಯುವ ಮುನ್ನ ಬೇರೆ ಬೇರೆ ಬಗೆಯ ಒಗೆತಗಳ ಕರೆಂಟನ್ನು ಸುಮ್ಮನೆ ದಾಖಲಿಸಿ ಗ್ರಾಫ್ ಎಳೆದೆ. ನೀರು ಕಾಯುವಾಗ ಎತ್ತರದ ಸಮತಟ್ಟು. ಡ್ರಮ್ ಅತ್ತಿತ್ತ ತಿರುಗುವಾಗ ಚಿಕ್ಕ ಚಿಕ್ಕ ಮೊನೆಗಳು. ನೀರು ಹೊರಹಾಕುವ ಪಂಪ್ ಓಡುವಾಗ ತಳಕ್ಕಂಟಿದ ತೆಳು ಗೆರೆ. ಹಿಂಡುವಾಗ ಮೆಟ್ಟಿಲು ಮೆಟ್ಟಿಲಾಗಿ ಏರುವ ದಿಬ್ಬ. ಬಟ್ಟೆ ನೆನೆಯುವ ಹೊತ್ತಿನಲ್ಲಿ ಮಾತ್ರ ಗೆರೆ ಎಷ್ಟೋ ನಿಮಿಷ ನೆಲಕಚ್ಚಿ ಮಲಗುತ್ತದೆ, ಒಗೆತ ಮುಗಿದಂತೆಯೇ ಕಾಣುತ್ತದೆ. ಹಾಗಾಗಿ ‘ಕರೆಂಟ್ ಇಳಿಯಿತು, ಕೆಲಸ ಮುಗಿಯಿತು’ ಎಂಬ ಸರಳ ನಿಯಮ ಇಲ್ಲಿ ನಡೆಯದು. ನನ್ನ ನಿಯಮಕ್ಕೆ ಇತಿಹಾಸದ ನೆನಪಿದೆ: ದೀರ್ಘವಾದ ಹಿಂಡಿಕೆಯ ದಿಬ್ಬ ಕಂಡಿರಬೇಕು, ಅದರ ನಂತರ ಕೆಲವು ನಿಮಿಷ ಕರೆಂಟ್ ತಳದಲ್ಲೇ ಇರಬೇಕು, ಆಗ ಮಾತ್ರ ಒಗೆತ ಮುಗಿದಂತೆ. ಒದ್ದೆ ಬಟ್ಟೆ ಮುದುಡದಿರಲೆಂದು ಕೆಲವು ಯಂತ್ರಗಳು ಮುಗಿದ ಮೇಲೂ ಆಗಾಗ ಡ್ರಮ್ ಆಡಿಸುತ್ತವೆ. ಆ ಮೊನೆಗಳನ್ನು ಹೊಸ ಒಗೆತವೆಂದು ಎಣಿಸದಂತೆ ಇನ್ನೊಂದು ಷರತ್ತು ಸೇರಿಸಿದೆ. ಬಾಗಿಲಿಗೆ ಒಂದು ಅಯಸ್ಕಾಂತ, ಚೌಕಟ್ಟಿಗೆ ಅಯಸ್ಕಾಂತದ ಸನಿಹವನ್ನು ಗುರುತಿಸುವ ಒಂದು ರೀಡ್ ಸ್ವಿಚ್. ಬಾಗಿಲು ತೆರೆದ ಕ್ಷಣ ನೆನಪೋಲೆ ನಿಲ್ಲುತ್ತದೆ. ಈ ಲೆಕ್ಕವೆಲ್ಲ ಚಿಪ್ಪಿನಲ್ಲೇ ನಡೆಯುವುದರಿಂದ ರೂಟರ್ ಸತ್ತಿದ್ದರೂ ಪೆಟ್ಟಿಗೆಯ ಮೇಲಿನ ದೀಪ ಸರಿಯಾದ ಸ್ಥಿತಿಯನ್ನೇ ತೋರಿಸುತ್ತದೆ.

ಸುದ್ದಿ ಸಾಗಿಸಲು ಎಂಕ್ಯೂಟಿಟಿ ಎಂಬ ಸಂದೇಶ ರವಾನೆಯ ನಿಯಮಾವಳಿ ಆರಿಸಿಕೊಂಡೆ. 1999ರಲ್ಲಿ ಆ್ಯಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ರೂಪಿಸಿದ್ದು ತೈಲ ಕೊಳವೆಮಾರ್ಗಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು. ಸಂಪರ್ಕ ದುಬಾರಿ, ಯಾವಾಗ ಕಡಿಯುತ್ತದೋ ಗೊತ್ತಿಲ್ಲ ಎಂಬ ಸ್ಥಿತಿಗಾಗಿಯೇ ಹುಟ್ಟಿದ್ದರಿಂದ ಅದರ ಎರಡು ಸೌಲಭ್ಯಗಳು ಮನೆಗೂ ಒದಗಿಬಂದಿವೆ. ‘ಉಳಿಸಿಕೊ’ ಎಂಬ ಗುರುತಿನೊಂದಿಗೆ ಕಳುಹಿಸಿದ ಕೊನೆಯ ಸಂದೇಶವನ್ನು ಬ್ರೋಕರ್, ಅಂದರೆ ಸಂದೇಶಗಳನ್ನು ಪಡೆದು ಹಂಚುವ ತಂತ್ರಾಂಶ, ತನ್ನಲ್ಲಿ ಇಟ್ಟುಕೊಳ್ಳುತ್ತದೆ. ನಂತರ ಬಂದ ಫೋನಿಗೂ ಯಂತ್ರದ ಈಗಿನ ಸ್ಥಿತಿ ಕೂಡಲೇ ಸಿಗುತ್ತದೆ. ಇನ್ನೊಂದು, ಸಾಧನ ಸಂಪರ್ಕಕ್ಕೆ ಬರುವಾಗಲೇ ಬರೆದಿಡುವ ಉಯಿಲು. ಒಪ್ಪಿಕೊಂಡ ಅವಧಿಯ ಒಂದೂವರೆ ಪಟ್ಟು ಕಾಲ ಸಾಧನದಿಂದ ಸದ್ದಿಲ್ಲದಿದ್ದರೆ ಅದು ಜಾಲದಲ್ಲಿಲ್ಲವೆಂದು ಬ್ರೋಕರ್ ತಾನೇ ಎಲ್ಲರಿಗೂ ಸಾರುತ್ತದೆ. ಸುಮ್ಮನಿರುವ ಸೆನ್ಸರಿಗೂ ಸತ್ತ ಸೆನ್ಸರಿಗೂ ವ್ಯತ್ಯಾಸ ತಿಳಿಯುವುದು ಇದರಿಂದಲೇ. ಬ್ರೋಕರ್ ಇರುವುದು ಮನೆಯ ಒಂದು ಪುಟ್ಟ ಕಂಪ್ಯೂಟರಿನಲ್ಲಿ. ಯಾವ ಮಾಹಿತಿಯೂ ಹೊಸ್ತಿಲು ದಾಟುವುದಿಲ್ಲ.

ಫ್ರಿಜ್‌ನ ಕೆಲಸ ಚಿಕ್ಕದು. ಡಿಎಸ್18ಬಿ20 ಎಂಬ ಉಷ್ಣತಾ ಸೆನ್ಸರ್ ಒಳಗಿದೆ. ಚಿಪ್ ಹೊರಗಿದೆ, ಏಕೆಂದರೆ ಫ್ರಿಜ್‌ನ ಲೋಹದ ಮೈ ರೇಡಿಯೊ ಅಲೆಗಳನ್ನು ತಡೆಯುತ್ತದೆ. ಬಾಗಿಲಿನ ರಬ್ಬರ್ ಅಂಚು ಬಿಗಿಯಾಗಿ ಮುಚ್ಚಿಕೊಳ್ಳಲೆಂದು ಚಪ್ಪಟೆಯಾದ ತೆಳು ತಂತಿ ಹಾಯಿಸಿದ್ದೇನೆ. ಸೆನ್ಸರನ್ನು ಗಾಳಿಯಲ್ಲಿ ತೂಗುಬಿಟ್ಟರೆ ಬಾಗಿಲು ತೆರೆದಾಗಲೆಲ್ಲ ಅಂಕಿ ಹಾರುತ್ತದೆ. ಲಸಿಕೆ ಇಡುವ ಫ್ರಿಜ್‌ಗಳಲ್ಲಿ ಮಾಡುವಂತೆ ಅದನ್ನು ಗ್ಲೈಕಾಲ್ ತುಂಬಿದ ಸಣ್ಣ ಸೀಸೆಯೊಳಗೆ ಇಟ್ಟೆ. ಈಗ ಅದು ತೋರಿಸುವುದು ಗಾಳಿಯ ಉಷ್ಣತೆಯನ್ನಲ್ಲ, ಒಳಗಿರುವ ಪದಾರ್ಥಗಳ ಉಷ್ಣತೆಗೆ ಹತ್ತಿರದ್ದನ್ನು. ವಿದ್ಯುತ್ ಹೋಗಿ ಬಂದಾಗ ಈ ಸೆನ್ಸರ್ ಮೊದಲ ಅಳತೆ ಮುಗಿಯುವ ಮುನ್ನ 85 ಡಿಗ್ರಿ ಎಂದು ಹೇಳುತ್ತದೆ. ಅದು ಕಾರ್ಖಾನೆಯಲ್ಲೇ ಇಟ್ಟ ಆರಂಭದ ಬೆಲೆ, ಕೋಡಿನಲ್ಲಿ ಅದನ್ನು ಬದಿಗಿಡಬೇಕು.

ಗೀಸರಿನ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಅದರೊಳಗಿನ ಥರ್ಮೋಸ್ಟಾಟನ್ನಾಗಲಿ, ಅತಿಯಾಗಿ ಕಾದಾಗ ವಿದ್ಯುತ್ ಕಡಿಯುವ ಸುರಕ್ಷಾ ಕಟ್-ಔಟನ್ನಾಗಲಿ ನನ್ನ ಸರ್ಕ್ಯೂಟ್ ಮುಟ್ಟುವುದಿಲ್ಲ. ಅವುಗಳೊಂದಿಗೆ ಅದು ಸಾಲಾಗಿ ನಿಂತಿದೆ: ಆರಿಸಬಲ್ಲದು, ಆದರೆ ಥರ್ಮೋಸ್ಟಾಟ್ ಬೇಡವೆಂದ ಮೇಲೆ ಕಾಯಿಸಲಾರದು. ರಿಲೇ ಎಂದರೆ ವಿದ್ಯುತ್ ಸಂಕೇತದಿಂದ ನಡೆಯುವ ಸ್ವಿಚ್. ಆಟಿಕೆಯಂಥ ನೀಲಿ ರಿಲೇ ಬೋರ್ಡುಗಳ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತಾರೆ. ಗಂಟೆಗಟ್ಟಲೆ ಉರಿಯುವ ಹೀಟರಿಗೆ ಅವು ಸಲ್ಲವು. ಬೋರ್ಡಿನ ಸಣ್ಣ ರಿಲೇ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚನ್ನು ಎಳೆಯುತ್ತದೆ, ಭಾರ ಹೊರುವುದು ಕಾಂಟ್ಯಾಕ್ಟರ್. ಈ ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿದೆ, ನೀವೂ ಹಾಗೆಯೇ ಮಾಡಿಸಿ. ವೇಳಾಪಟ್ಟಿ ಚಿಪ್ಪಿನ ಸ್ಮೃತಿಯಲ್ಲಿದೆ. ಸಮಯ ಹೇಳಲು ಡಿಎಸ್3231 ಗಡಿಯಾರವಿದೆ. ಜಾಲವಿಲ್ಲದೆಯೂ ಅದು ವರ್ಷಕ್ಕೆ ಒಂದು ನಿಮಿಷದ ಆಚೀಚೆಗಷ್ಟೇ ತಪ್ಪುತ್ತದೆ. ಉಳಿತಾಯದ ಆಸೆಗೆ ನೀರನ್ನು ಸದಾ ಉಗುರುಬೆಚ್ಚಗಿಡುವ ವೇಳಾಪಟ್ಟಿ ಬರೆಯಬಾರದು. ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವುದೇ ಅಂಥ ನೀರಿನಲ್ಲಿ, ಆದ್ದರಿಂದ ತೊಟ್ಟಿಯ ನೀರು 60 ಡಿಗ್ರಿ ಮುಟ್ಟುವಂತೆ ನೋಡಿಕೊಂಡಿದ್ದೇನೆ.

ಜಾಲದ ಸುರಕ್ಷತೆಯ ಮಾತು ಬಂದಾಗ ನನಗೆ ನೆನಪಾಗುವುದು ಮಿರಾಯ್ ಎಂಬ, ಸಾಧನಗಳನ್ನು ವಶಪಡಿಸಿಕೊಳ್ಳುವ ಕುತಂತ್ರಾಂಶ. 2016ರ ಅಕ್ಟೋಬರ್ 21ರಂದು ಡೈನ್ ಎಂಬ ಸಂಸ್ಥೆಯ, ಜಾಲತಾಣದ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ ಕುಸಿದು ದೊಡ್ಡ ದೊಡ್ಡ ಜಾಲತಾಣಗಳು ಸಿಗದಂತಾದಾಗ, ದಾಳಿ ಮಾಡಿದ ಪಡೆಯಲ್ಲಿದ್ದವು ಮನೆಗಳ ಕ್ಯಾಮೆರಾಗಳು ಮತ್ತು ರೂಟರುಗಳು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ಬ್ರಿಟನ್ 2024ರ ಏಪ್ರಿಲ್ 29ರಿಂದ ಸುಲಭವಾಗಿ ಊಹಿಸಬಹುದಾದ ಇಂಥ ಪಾಸ್‌ವರ್ಡುಗಳನ್ನು ಕಾನೂನಿನಿಂದಲೇ ನಿಷೇಧಿಸಿತು. ನನ್ನ ಯಂತ್ರಗಳು ಪ್ರತ್ಯೇಕ ವೈಫೈ ಜಾಲದಲ್ಲಿವೆ. ಅಲ್ಲಿಂದ ಅಂತರ್ಜಾಲಕ್ಕೆ ದಾರಿ ಮುಚ್ಚಿದೆ. ಪ್ರತಿ ಸಾಧನಕ್ಕೂ ಬೇರೆ ಪಾಸ್‌ವರ್ಡ್. ಹೊಸ ಫರ್ಮ್‌ವೇರನ್ನು, ಅಂದರೆ ಚಿಪ್ಪಿನೊಳಗಿನ ತಂತ್ರಾಂಶವನ್ನು, ಸ್ಮೃತಿಯ ಎರಡನೆಯ ಕೋಣೆಗೆ ಬರೆದು, ಅದು ಸರಿಯಾಗಿ ಎದ್ದು ನಿಂತರೆ ಮಾತ್ರ ಒಪ್ಪಿಕೊಳ್ಳುವ, ಇಲ್ಲವಾದರೆ ಹಳೆಯದಕ್ಕೆ ಮರಳುವ ವ್ಯವಸ್ಥೆ ಇಎಸ್‌ಪಿ32ರಲ್ಲಿದೆ. ಅದನ್ನು ಬಿಡದೆ ಬಳಸುತ್ತೇನೆ.

ಬಾಗಿಲು ತೆರೆಯುವವರೆಗೆ ನೆನಪಿಸುವ ಉಪಾಯ ಹೊಸದೇ ಎಂದು ತಿಳಿಯಲು ಪೇಟೆಂಟುಗಳನ್ನು ಹುಡುಕಿದೆ. ಯುರೋಪಿನ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್ ತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಬಟ್ಟೆ ಒಗೆಯುವ ಯಂತ್ರಗಳಿಗೆ ಡಿ06ಎಫ್ ಎಂಬ ವರ್ಗವೇ ಇದೆ. ಪದಗಳಿಂದ ಹುಡುಕುವುದಕ್ಕಿಂತ ವರ್ಗದಿಂದ ಹುಡುಕಿದರೆ ಹೆಚ್ಚು ಸಿಗುತ್ತದೆ. ಸಾರಾಂಶ ಓದಿ ನಿರ್ಧರಿಸಬಾರದು; ಹಕ್ಕು ಎಲ್ಲಿಯವರೆಗೆ ಚಾಚಿದೆ ಎಂಬುದು ಕೊನೆಯ ಕ್ಲೇಮುಗಳ ಭಾಗದಲ್ಲಿರುತ್ತದೆ. ಮನೆಯ ಯಂತ್ರಗಳನ್ನು ದೂರದಿಂದ ನಡೆಸುವ ಯೋಚನೆ ಬಹಳ ಹಳೆಯದು. ಮನೆಯ ವಿದ್ಯುತ್ ತಂತಿಯ ಮೇಲೆಯೇ ಆಜ್ಞೆ ಕಳುಹಿಸುವ ಎಕ್ಸ್10 ರೂಪುಗೊಂಡದ್ದು 1975ರಲ್ಲಿ. ಅಂತರ್ಜಾಲದಿಂದ ಚಾಲೂ ಆಗುವ ಟೋಸ್ಟರನ್ನು ಜಾನ್ ರಾಮ್ಕಿ ಪ್ರದರ್ಶಿಸಿದ್ದು 1990ರಲ್ಲಿ. ಕರೆಂಟಿನ ದಿಬ್ಬಗಳಿಂದ ಹಂತ ಗುರುತಿಸುವ ನನ್ನ ನಿಯಮಗಳನ್ನು ಸರ್ಕ್ಯೂಟಿನೊಂದಿಗೆ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ್ದೇನೆ. ಹೀಗೆ ಬಹಿರಂಗವಾದದ್ದರ ಮೇಲೆ ಮುಂದೆ ಬೇರೆಯವರು ಪೇಟೆಂಟ್ ಕೇಳಿದರೆ ಅದು ಹೊಸದಲ್ಲವೆಂದು ತೋರಿಸಬಹುದು.

ಈಗ ಕೈಯಲ್ಲಿರುವುದು ಮ್ಯಾಟರ್ ಮಾನದಂಡಕ್ಕೆ, ಅಂದರೆ ಬೇರೆ ಬೇರೆ ತಯಾರಕರ ಮನೆ ಸಾಧನಗಳು ಒಂದೇ ಭಾಷೆಯಲ್ಲಿ ಮಾತಾಡಲು ಇರುವ ನಿಯಮಗಳಿಗೆ, ಹೊಂದಿಸುವ ಕೆಲಸ. 2022ರ ಅಕ್ಟೋಬರಿನಲ್ಲಿ ಬಂದ ಮೊದಲ ಆವೃತ್ತಿಯಲ್ಲಿ ವಾಷಿಂಗ್ ಮಷಿನ್ ಇರಲಿಲ್ಲ, ಮರುವರ್ಷದ 1.2ರಲ್ಲಿ ಫ್ರಿಜ್, ಡಿಶ್‌ವಾಷರ್‌ಗಳೊಂದಿಗೆ ಸೇರಿತು. ಮನೆಯ ಜಾಲದೊಳಗೇ, ಅಂತರ್ಜಾಲದ ಹಂಗಿಲ್ಲದೆ ನಡೆಯುವಂತೆ ರೂಪಿಸಿದ್ದರಿಂದ ನನಗೆ ಅದರ ಮೇಲೆ ಭರವಸೆಯಿದೆ. ಅದರಲ್ಲಿ ಯಂತ್ರದ ಸಾಮಾನ್ಯ ಸ್ಥಿತಿಗಳು ನಾಲ್ಕು: ನಿಂತಿದೆ, ನಡೆಯುತ್ತಿದೆ, ತಡೆದಿದೆ, ದೋಷವಿದೆ. ‘ಮುಗಿದಿದೆ, ಆದರೆ ಬಟ್ಟೆ ಒಳಗೇ ಇದೆ’ ಎಂಬ ನನ್ನ ಸ್ಥಿತಿ ಆ ನಾಲ್ಕರಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಸದ್ಯಕ್ಕೆ ಬಾಗಿಲಿನ ರೀಡ್ ಸ್ವಿಚ್ಚನ್ನು ಬೇರೆಯೇ ಸೆನ್ಸರ್ ಎಂದು ಮ್ಯಾಟರ್‌ಗೆ ಪರಿಚಯಿಸಿ, ಎರಡನ್ನೂ ಜೋಡಿಸುವ ನಿಯಮವನ್ನು ಚಿಪ್ಪಿನಲ್ಲೇ ಬರೆಯುತ್ತಿದ್ದೇನೆ.