ಕಲಬುರಗಿಯ ಬಿಸಿಲಿಗೆ ಯಾವ ಕಾರ್ ಬ್ಯಾಟರಿ: ಸೀಲ್ಡ್ ಆಗಿರುವುದೋ, ನೀರು ಹಾಕುವುದೋ?

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣಾಂಶ 40 ಡಿಗ್ರಿ ದಾಟುವುದು ವಾಡಿಕೆ. ಸೇಡಂ ರಸ್ತೆಯಲ್ಲಿ ಮಧ್ಯಾಹ್ನ ಓಡಿ ಬಂದು ನಿಂತ ಕಾರಿನ ಬಾನೆಟ್ ಒಳಗಂತೂ ಅದಕ್ಕಿಂತ ಎಷ್ಟೋ ಹೆಚ್ಚು ಕಾವಿರುತ್ತದೆ. ಬೀದರಿನ ಚಳಿಗಾಲದ ಬೆಳಗಿನಲ್ಲಿ ಕಾರು ಸ್ಟಾರ್ಟ್ ಆಗಲಿಲ್ಲವೆಂದು ಜನ ಚಳಿಯನ್ನು ದೂರುತ್ತಾರೆ. ಆದರೆ ಆ ಬ್ಯಾಟರಿ ಒಳಗಿಂದ ಸವೆದಿರುವುದು ಬಹುಮಟ್ಟಿಗೆ ಹಿಂದಿನ ಬೇಸಿಗೆಯಲ್ಲೇ.

ಅಂಗಡಿಯಲ್ಲಿ ‘ಸೀಲ್ಡ್’ ಎಂದು ಕೊಡುವ ಹೆಚ್ಚಿನ ಬ್ಯಾಟರಿಗಳ ಒಳಗೂ ನೀರು ಹಾಕುವ ಬ್ಯಾಟರಿಯಲ್ಲಿರುವಂತೆಯೇ ಸೀಸದ ಪ್ಲೇಟುಗಳು ಮತ್ತು ನೀರು ಬೆರೆತ ಗಂಧಕಾಮ್ಲ ಇರುತ್ತವೆ. ಚಾರ್ಜ್ ಆಗುವಾಗ ಈ ನೀರಿನ ಅಲ್ಪ ಭಾಗ ಜಲಜನಕ ಮತ್ತು ಆಮ್ಲಜನಕವಾಗಿ ಒಡೆದು ಹೊರಹೋಗುತ್ತದೆ. ಹಳೆಯ ಬಗೆಯ ಪ್ಲೇಟಿನ ಸೀಸಕ್ಕೆ ಆಂಟಿಮನಿ ಬೆರೆಸುತ್ತಿದ್ದರು. ಸೀಲ್ಡ್ ಬ್ಯಾಟರಿಯಲ್ಲಿ ಅದರ ಬದಲು ಕ್ಯಾಲ್ಸಿಯಂ ಇರುವುದರಿಂದ ನೀರು ಬಹಳ ನಿಧಾನವಾಗಿ ಕಡಿಮೆಯಾಗುತ್ತದೆ. ನೀರು ಖರ್ಚಾಗುವುದೇ ಇಲ್ಲವೆಂದು ಇದರ ಅರ್ಥವಲ್ಲ, ಖರ್ಚಾದದ್ದನ್ನು ತುಂಬಲು ದಾರಿಯಿಲ್ಲ ಎಂದಷ್ಟೇ. ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಟ್ಟುಕೊಳ್ಳುವ ಎಜಿಎಂ ಬ್ಯಾಟರಿ ಬೇರೆಯದೇ ಬಗೆ, ಬೆಲೆಯೂ ಹೆಚ್ಚು.

ಸಿಗ್ನಲ್‌ನಲ್ಲಿ ತಾನಾಗಿಯೇ ಎಂಜಿನ್ ನಿಲ್ಲುವ ಕಾರು ನಿಮ್ಮದಾದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಕಾರಿನ ಕೈಪಿಡಿ ಹೇಳಿದ ಬಗೆಯನ್ನೇ ಹಾಕಬೇಕು. ಬ್ಯಾಟರಿ ಸೀಟಿನ ಕೆಳಗೋ ಡಿಕ್ಕಿಯಲ್ಲೋ ಇರುವ ಕಾರಿಗೂ ಇದೇ ಮಾತು.

ಉಳಿದವರು ಬೆಲೆ ಕೇಳುವ ಮೊದಲು, ಮನೆಯಲ್ಲಿ ತಿಂಗಳಿಗೊಮ್ಮೆ ಬಾನೆಟ್ ಎತ್ತುವವರು ಯಾರು ಎಂದು ಯೋಚಿಸಬೇಕು. ಅಂಥವರಿದ್ದರೆ ನೀರು ಹಾಕುವ ಬ್ಯಾಟರಿ ನಮ್ಮ ಸೀಮೆಗೆ ಯಾವ ರೀತಿಯಲ್ಲೂ ಕಡಿಮೆಯದಲ್ಲ. ಬೇಸಿಗೆಯಲ್ಲಿ ಆರೂ ಮುಚ್ಚಳ ತೆಗೆದು ಮಟ್ಟ ನೋಡಿ, ಮೇಲಿನ ಗೆರೆಯನ್ನು ಮೀರದಂತೆ ಡಿಸ್ಟಿಲ್ಡ್ ವಾಟರ್ ತುಂಬಬೇಕು, ಆಮ್ಲವನ್ನು ಸೇರಿಸಲೇಬಾರದು. ಒಮ್ಮೆ ಪ್ಲೇಟುಗಳು ಗಾಳಿಗೆ ತೆರೆದುಕೊಂಡರೆ ಆ ಭಾಗ ಮತ್ತೆ ಸರಿಹೋಗುವುದು ಕಷ್ಟ. ಶಹಾಬಾದ್, ಸೇಡಂ ಕಡೆಯದು ಸುಣ್ಣದಕಲ್ಲಿನ ನೆಲವಾದ್ದರಿಂದ ಬೋರ್‌ವೆಲ್ ನೀರಿನ ಮಾತೇ ಬೇಡ. ಕುಡಿಯುವ ಫಿಲ್ಟರ್ ನೀರಿನಲ್ಲೂ ಲವಣ ಉಳಿದಿರುತ್ತದೆ. ಬಾನೆಟ್ ಎತ್ತುವ ಅಭ್ಯಾಸವೇ ಇಲ್ಲದವರಿಗೆ ಸೀಲ್ಡ್ ಬ್ಯಾಟರಿಯೇ ಸರಿ.

ಆದರೆ ಸೀಲ್ಡ್ ಕೊಳ್ಳುವ ಮುನ್ನ ಕಾರಿನ ಚಾರ್ಜಿಂಗ್ ಪರೀಕ್ಷಿಸಿಕೊಳ್ಳಿ. ನಾನು ಇದನ್ನು ಕಲಿತದ್ದು ಒಂದು ಸೀಲ್ಡ್ ಬ್ಯಾಟರಿ ಎರಡೇ ಬೇಸಿಗೆಗೆ ಒಣಗಿಹೋದ ಮೇಲೆ. ಕೆಟ್ಟಿದ್ದದ್ದು ಬ್ಯಾಟರಿಯಲ್ಲ, ಎಂಜಿನ್ ಓಡುವಾಗ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರಿನ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್. ಸಾಮಾನ್ಯ ಕಾರಿನಲ್ಲಿ ಎಂಜಿನ್ ಓಡುವಾಗ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಹಿಡಿದ ಮಲ್ಟಿಮೀಟರ್ ಸುಮಾರು 13.8ರಿಂದ 14.5 ವೋಲ್ಟ್ ತೋರಿಸಬೇಕು. ಅದಕ್ಕಿಂತ ಬಹಳ ಮೇಲೇರಿದರೆ ನೀರು ಬೇಗ ಇಂಗುತ್ತದೆ, ಸೀಲ್ಡ್ ಬ್ಯಾಟರಿಗೆ ಆಗ ಪರಿಹಾರವೇ ಇರುವುದಿಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ ಎಂದು ತಿಳಿಯಬಹುದು. ಸೀಲ್ಡ್ ಬ್ಯಾಟರಿಯ ಮೇಲೆ ಸ್ಥಿತಿ ತೋರಿಸಲು ಇಟ್ಟ ಹಸಿರು ಕಣ್ಣನ್ನು ಅತಿಯಾಗಿ ನಂಬಬೇಡಿ, ಅದು ಒಳಗಿನ ಆರು ಸೆಲ್‌ಗಳಲ್ಲಿ (ಕೋಣೆಗಳಲ್ಲಿ) ಒಂದರ ಸ್ಥಿತಿಯನ್ನು ಮಾತ್ರ ಹೇಳುತ್ತದೆ.

ಅಂಗಡಿಯಲ್ಲಿ ತಯಾರಾದ ತಿಂಗಳು, ಬ್ಯಾಟರಿಯ ಸಾಮರ್ಥ್ಯ ಹೇಳುವ ಆಂಪಿಯರ್-ಅವರ್ ಸಂಖ್ಯೆ, ಪ್ಲಸ್ ಟರ್ಮಿನಲ್ ಯಾವ ಬದಿಗಿದೆ ಎಂಬುದನ್ನು ಹಳೆಯದರೊಡನೆ ಹೋಲಿಸಿ ನೋಡಿ. ವಾರಂಟಿಯಲ್ಲಿ ಉಚಿತವಾಗಿ ಬದಲಿಸಿಕೊಡುವ ಅವಧಿ ಎಷ್ಟು, ರಿಯಾಯಿತಿ ಮಾತ್ರ ಸಿಗುವ ಅವಧಿ ಎಷ್ಟು ಎಂದು ಬಿಡಿಸಿ ಕೇಳಿ. ಹಳೆಯ ಬ್ಯಾಟರಿಯಲ್ಲಿ ಸೀಸವಿರುವುದರಿಂದ ಅದನ್ನು ಅಂಗಡಿಗೇ ಹಿಂದಿರುಗಿಸಿ ಬೆಲೆಯಲ್ಲಿ ಕಳೆಸಿಕೊಳ್ಳಬೇಕು. ಬಿಚ್ಚುವಾಗ ಮೈನಸ್ ತಂತಿಯನ್ನು ಮೊದಲು, ಜೋಡಿಸುವಾಗ ಅದನ್ನೇ ಕೊನೆಗೆ ಮುಟ್ಟಬೇಕು. ಹೊಲದ ದಾರಿಯ ಕುಲುಕಾಟಕ್ಕೆ ಪ್ಲೇಟುಗಳು ಸಡಿಲವಾಗದಂತೆ ಬ್ಯಾಟರಿಯನ್ನು ಹಿಡಿದಿಡುವ ಪಟ್ಟಿಯನ್ನು ಬಿಗಿಯಾಗಿ ಕಟ್ಟಿಸಿ.