ಆರ್‌ಸಿ ಕರ್ನಲ್ ಹಾಕಿದ ಮೇಲೆ ಡೆಸ್ಕ್‌ಟಾಪ್ ಕೈಕೊಟ್ಟರೆ ಏನು ಮಾಡಬೇಕು?

ಲಿನಕ್ಸ್‌ನ ತಿರುಳು, ಅಂದರೆ ಹಾರ್ಡ್‌ವೇರ್ ನೋಡಿಕೊಳ್ಳುವ ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು-ಹತ್ತು ವಾರಕ್ಕೊಮ್ಮೆ ಬರುತ್ತದೆ. ಮೊದಲ ಎರಡು ವಾರ ಹೊಸ ಕೋಡ್ ಸೇರಿಸಿಕೊಳ್ಳುತ್ತಾರೆ. ಆಮೇಲೆ ಲಿನಕ್ಸ್ ಶುರುಮಾಡಿದ ಲೈನಸ್ ಟೊರ್ವಾಲ್ಡ್ಸ್ ಭಾನುವಾರಕ್ಕೊಂದರಂತೆ ಆರ್‌ಸಿ (ರಿಲೀಸ್ ಕ್ಯಾಂಡಿಡೇಟ್, ಅಂದರೆ ಅಂತಿಮ ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಆರ್‌ಸಿ1, ಆರ್‌ಸಿ2 ಅಂತ ಬಿಡುತ್ತಾ ಹೋಗುತ್ತಾರೆ, ಸಾಮಾನ್ಯವಾಗಿ ಆರ್‌ಸಿ7ರ ತನಕ. ನಮಗೆ ಅದು ಕೈಗೆ ಸಿಗುವಷ್ಟರಲ್ಲಿ ಸೋಮವಾರ ಬೆಳಗಾಗಿರುತ್ತದೆ. ಫೆಡೋರಾ ಲಿನಕ್ಸ್ ಹಾಕಿರುವ ನನ್ನ ಲ್ಯಾಪ್‌ಟಾಪಿನಲ್ಲಿ ನಾನು ಇವನ್ನೇ ಓಡಿಸುತ್ತೇನೆ. ನಮ್ಮಂಥ ಯಂತ್ರಗಳಲ್ಲಿ ಯಾರೂ ಮೊದಲೇ ಓಡಿಸಿ ನೋಡದಿದ್ದರೆ ದೋಷ ಎಲ್ಲರ ಮನೆಗೂ ಹೋಗುತ್ತದೆ, ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಏನೇ ಕೆಟ್ಟರೂ ಹಳೇ ಕರ್ನಲ್‌ಗೆ ಬೂಟ್ ಮಾಡಿ ನೋಡುವ ತನಕ ಡೆಸ್ಕ್‌ಟಾಪಿನ ಒಂದು ಸೆಟ್ಟಿಂಗನ್ನೂ ಮುಟ್ಟಬೇಡಿ. ಅದೇ ಡೆಸ್ಕ್‌ಟಾಪ್, ಅದೇ ಅಪ್ಲಿಕೇಶನ್, ಕರ್ನಲ್ ಮಾತ್ರ ಬೇರೆ. ಅಲ್ಲೂ ಅದೇ ತೊಂದರೆ ಇದ್ದರೆ ಕರ್ನಲ್‌ನ ತಪ್ಪಲ್ಲ. ಇದಕ್ಕಾಗಿಯೇ ಹೊಸ ಕರ್ನಲ್ ಹಾಕಿದ ದಿನ ಮೆಸಾ (ಗ್ರಾಫಿಕ್ಸ್), ಪೈಪ್‌ವೈರ್ (ಧ್ವನಿ), ಗ್ನೋಮ್ (ಡೆಸ್ಕ್‌ಟಾಪ್) ಯಾವುದನ್ನೂ ಅಪ್‌ಡೇಟ್ ಮಾಡಬಾರದು. ಎರಡೂ ಒಟ್ಟಿಗೆ ಬದಲಾದರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ.

ಹಾಗಾಗಿ ಹಳೇ ಕರ್ನಲ್ ಉಳಿದಿರಬೇಕು. ಫೆಡೋರಾ ಮೂರು ಕರ್ನಲ್ ಮಾತ್ರ ಇಟ್ಟುಕೊಳ್ಳುತ್ತದೆ. ವಾರಕ್ಕೊಂದು ಆರ್‌ಸಿ ಹಾಕುವವರಿಗೆ ಅದು ಸಾಲದು, ಚೆನ್ನಾಗಿದ್ದ ಕರ್ನಲ್ ಸದ್ದಿಲ್ಲದೆ ಹೊರಗೆ ಹೋಗಿಬಿಡುತ್ತದೆ. ಫೆಡೋರಾದಲ್ಲಿ ಪ್ಯಾಕೇಜ್ ಹಾಕುವ ಡಿಎನ್‌ಎಫ್‌ನ ಕಾನ್ಫಿಗರೇಶನ್ ಫೈಲಿನಲ್ಲಿ, ಎಷ್ಟು ಕರ್ನಲ್ ಉಳಿಸಬೇಕು ಅಂತ ಹೇಳುವ ಇನ್‌ಸ್ಟಾಲ್‌ಓನ್ಲಿ ಲಿಮಿಟ್ ಅನ್ನು 5ಕ್ಕೆ ಏರಿಸಿ. ಉಬುಂಟುವಿನಲ್ಲಿ ಮೇನ್‌ಲೈನ್ ಕರ್ನಲ್ (ಲೈನಸ್ ಬಿಡುವ ಮೂಲ ಕರ್ನಲ್) ಹಾಕುವವರು ಸೆಕ್ಯೂರ್ ಬೂಟ್, ಅಂದರೆ ಸಹಿ ಇರುವುದನ್ನು ಮಾತ್ರ ಬೂಟ್ ಮಾಡಲು ಬಿಡುವ ವ್ಯವಸ್ಥೆ, ಅದರ ಕಡೆಗೂ ಗಮನ ಕೊಡಿ. ಆ ಕರ್ನಲ್‌ಗಳಿಗೆ ಸಹಿ ಇರುವುದಿಲ್ಲ, ಹಾಗಾಗಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಬೂಟೇ ಆಗುವುದಿಲ್ಲ.

ಜಾಸ್ತಿ ಕಾಡುವುದು ಕರ್ನಲ್‌ನ ಹೊರಗಿನ ಮಾಡ್ಯೂಲ್‌ಗಳು, ಅಂದರೆ ಕರ್ನಲ್‌ನೊಂದಿಗೆ ಬರದೆ ಬೇರೆಯಾಗಿ ಸೇರಿಸುವ ತುಣುಕುಗಳು: ಗ್ರಾಫಿಕ್ಸ್ ಕಾರ್ಡ್ ಕಂಪನಿಯ ಸ್ವಂತ ಡ್ರೈವರ್, ವರ್ಚುವಲ್ ಮೆಷಿನ್ ಡ್ರೈವರ್, ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್. ಲಕ್ಷಣ ಹೀಗಿರುತ್ತದೆ. ಲಾಗಿನ್ ಆಗುತ್ತದೆ, ಆದರೆ ಅಕ್ಷರಗಳು ದಪ್ಪ ದಪ್ಪ ಕಾಣುತ್ತವೆ, ಎರಡನೇ ಮಾನಿಟರ್ ಮಾಯ, ಕಿಟಕಿ ಎಳೆದರೆ ಫ್ಯಾನ್ ಜೋರಾಗಿ ತಿರುಗುತ್ತದೆ. ಗ್ನೋಮ್ ಹಾಳಾಯಿತು ಅಂದುಕೊಳ್ಳಬೇಡಿ. ಟರ್ಮಿನಲ್‌ನಲ್ಲಿ ಜಿಎಲ್‌ಎಕ್ಸ್‌ಇನ್ಫೋ ಅನ್ನೋ ಕಮಾಂಡ್ ಓಡಿಸಿ, ರೆಂಡರರ್ ಅನ್ನೋ ಸಾಲು ನೋಡಿ. ಅಲ್ಲಿ ಎಲ್‌ಎಲ್‌ವಿಎಂಪೈಪ್ ಅಂತಿದ್ದರೆ ಚಿತ್ರ ಬಿಡಿಸುತ್ತಿರುವುದು ಸಿಪಿಯು, ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿದೆ.

ಆಗ ಡಿಕೆಎಂಎಸ್ ಸ್ಟೇಟಸ್ ನೋಡಿ. ಹೊಸ ಕರ್ನಲ್ ಬಂದಾಗ ಹೊರಗಿನ ಮಾಡ್ಯೂಲ್‌ಗಳನ್ನು ಮತ್ತೆ ಬಿಲ್ಡ್ ಮಾಡುವುದು ಈ ಡಿಕೆಎಂಎಸ್. ಹೊಸ ಕರ್ನಲ್‌ಗೆ ಮಾಡ್ಯೂಲ್ ಬಿಲ್ಡ್ ಆಗಿರದಿದ್ದರೆ ಬಿಲ್ಡ್ ಫೋಲ್ಡರಿನ ಮೇಕ್ ಲಾಗ್ ತೆರೆದು, ಮೊದಲ ಎರರ್ ಮಾತ್ರ ಓದಿ. ಉಳಿದವು ಅದರ ಬಾಲ. ಉದಾಹರಣೆಗೆ, ಕರ್ನಲ್ 6.15ರಲ್ಲಿ ಡೆಲ್-ಟೈಮರ್-ಸಿಂಕ್ ಅನ್ನೋ ಹಳೇ ಫಂಕ್ಷನ್ ತೆಗೆದು ಟೈಮರ್-ಡಿಲೀಟ್-ಸಿಂಕ್ ಮಾತ್ರ ಉಳಿಸಿದರು. ಹಳೇ ಹೆಸರು ಬಳಸುತ್ತಿದ್ದ ಹೊರಗಿನ ಡ್ರೈವರ್‌ಗಳು "ಇಂಪ್ಲಿಸಿಟ್ ಡಿಕ್ಲರೇಷನ್" (ಈ ಹೆಸರಿನ ಫಂಕ್ಷನ್ ಗೊತ್ತಿಲ್ಲ) ಅನ್ನೋ ಎರರ್ ಕೊಟ್ಟು ಬಿಲ್ಡ್‌ನಲ್ಲೇ ನಿಂತವು. ಕರ್ನಲ್ ತನ್ನ ಒಳಗಿನ ಫಂಕ್ಷನ್‌ಗಳನ್ನು ಯಾವಾಗ ಬೇಕಾದರೂ ಬದಲಿಸಬಹುದು. ಡ್ರೈವರ್ ಮಾಡಿದವರು ಸರಿಮಾಡುವ ತನಕ ಹಳೇ ಕರ್ನಲ್‌ನಲ್ಲಿ ಇರಿ, ಇಲ್ಲವೇ ಕರ್ನಲ್‌ನಲ್ಲೇ ಇರುವ ಡ್ರೈವರ್‌ಗೆ ಬನ್ನಿ. ನಾನು ಎರಡನೆಯದನ್ನೇ ಹೇಳುತ್ತೇನೆ. ಆರ್‌ಸಿ ಓಡಿಸುವ ಆಸೆ ಇದ್ದವರು ಹೊರಗಿನ ಡ್ರೈವರ್ ಬೇಡದ ಯಂತ್ರ ಇಟ್ಟುಕೊಳ್ಳುವುದೇ ವಾಸಿ.

ವೈಫೈ, ಬ್ಲೂಟೂತ್ ಹೋದರೆ ಕರ್ನಲ್ ಲಾಗಿನಲ್ಲಿ ಫರ್ಮ್‌ವೇರ್ (ಆ ಚಿಪ್‌ನೊಳಗೆ ಓಡುವ ಸಣ್ಣ ಸಾಫ್ಟ್‌ವೇರ್) ಅಂತ ಹುಡುಕಿ. "ಎರರ್ -2" ಅಂದರೆ ಫೈಲ್ ಇಲ್ಲ ಅಂತ. ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಹೊಸದು ಹಾಕಿ. ಆದರೆ ಈ ಸಾಲು ಕಂಡ ತಕ್ಷಣ ಗಾಬರಿ ಬೇಡ. ಇಂಟೆಲ್ ವೈಫೈ ಡ್ರೈವರ್ ಹೊಸ ಸಂಖ್ಯೆಯ ಫೈಲಿನಿಂದ ಶುರು ಮಾಡಿ ಕೆಳಗಿಳಿಯುತ್ತಾ ಹುಡುಕುತ್ತದೆ. ಕೊನೆಗೆ ಒಂದು ಸಿಕ್ಕಿದರೆ ಸಾಕು. ಇನ್ನು ಎಲ್ಲವೂ ಸ್ವಲ್ಪ ನಿಧಾನ ಅನ್ನಿಸಿದರೆ, ಫೆಡೋರಾದ ಪರೀಕ್ಷಾ ಶಾಖೆ ರಾಹೈಡ್‌ನ ಕೆಲವು ಕರ್ನಲ್‌ಗಳಲ್ಲಿ ಡೀಬಗ್ ತಪಾಸಣೆ ಆನ್ ಇರುತ್ತದೆ, ಅದನ್ನು ಮೊದಲು ನೋಡಿ.

ತಪ್ಪು ಅಪ್ಲಿಕೇಶನ್ನಿನದೂ ಇರಬಹುದು. 2011ರಲ್ಲಿ ಕರ್ನಲ್ 2.6.39 ಆದ ಮೇಲೆ 3.0 ಬಂದಾಗ, ಆವೃತ್ತಿ 2.6ರಿಂದಲೇ ಶುರುವಾಗಬೇಕು ಅಂತ ನಂಬಿದ್ದ ಕೆಲವು ಪ್ರೋಗ್ರಾಮ್‌ಗಳು ನಿಂತೇಹೋದವು. ಆಗಲೂ ಕರ್ನಲ್‌ನವರು, ಅಂಥ ಪ್ರೋಗ್ರಾಮ್‌ಗಳಿಗೆ 2.6 ಅಂತಲೇ ತೋರಿಸುವ ಒಂದು ವ್ಯವಸ್ಥೆ ಮಾಡಿಕೊಟ್ಟರು. ಬಳಕೆದಾರರ ಪ್ರೋಗ್ರಾಮ್ ಮುರಿಯಬಾರದು ಅನ್ನೋದು ಲೈನಸ್ ಬಿಡದೆ ಹಿಡಿದಿರುವ ನಿಯಮ. ಅದು ನಿಮ್ಮ ಪರವಾಗಿದೆ, ಸಂಕೋಚ ಬೇಡ, ದೂರು ಕೊಡಿ.

ದೂರಿಗೆ ಮುಂಚೆ ಹೊರಗಿನ ಮಾಡ್ಯೂಲ್ ಎಲ್ಲ ತೆಗೆದು, ತೊಂದರೆ ಮತ್ತೆ ಬರುತ್ತದಾ ನೋಡಿ. ಯಂತ್ರ ಹೆಪ್ಪುಗಟ್ಟಿ ಮರುಬೂಟ್ ಮಾಡಿದ್ದರೆ ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಕಮಾಂಡ್‌ಗೆ -ಕೆ -ಬಿ -1 ಕೊಟ್ಟು ಹಿಂದಿನ ಬೂಟಿನ ಲಾಗ್ ತೆಗೆಯಿರಿ. ಚೆನ್ನಾಗಿದ್ದ ಕೊನೆಯ ಆವೃತ್ತಿ, ಕೆಟ್ಟ ಮೊದಲ ಆವೃತ್ತಿ ಎರಡನ್ನೂ ಬರೆಯಿರಿ. ಸಮಯ ಇದ್ದರೆ ಗಿಟ್ ಬೈಸೆಕ್ಟ್ ಮಾಡಿ, ಅಂದರೆ ಆ ಎರಡು ಆವೃತ್ತಿಗಳ ನಡುವಿನ ಬದಲಾವಣೆಗಳಲ್ಲಿ ಯಾವುದು ಕೆಡಿಸಿತು ಅಂತ ಹುಡುಕಿ. ಹದಿನಾರು ಸಾವಿರ ಬದಲಾವಣೆ ಇದ್ದರೂ ಅರ್ಧ ಅರ್ಧ ಮಾಡುತ್ತಾ ಹೋದರೆ ಸುಮಾರು 14 ಬಿಲ್ಡ್‌ನಲ್ಲಿ ತಪ್ಪಿತಸ್ಥ ಕಮಿಟ್ (ಒಂದು ಬದಲಾವಣೆ) ಸಿಗುತ್ತದೆ. ದೂರನ್ನು ಆ ಕಮಿಟ್ ಬರೆದವರಿಗೂ ಕರ್ನಲ್‌ನ ರಿಗ್ರೆಶನ್ಸ್ (ಮೊದಲು ಸರಿಯಿದ್ದು ಈಗ ಕೆಟ್ಟದ್ದು) ಮೇಲಿಂಗ್ ಲಿಸ್ಟ್‌ಗೂ ಕಳಿಸಿ. ಅವರು ಪ್ಯಾಚ್ (ತಿದ್ದುಪಡಿ) ಕೊಟ್ಟರೆ ಅದೇ ಯಂತ್ರದಲ್ಲಿ ಹಾಕಿ ನೋಡಿ, ಸರಿಹೋಯಿತೋ ಇಲ್ಲವೋ ಅಂತ ಉತ್ತರ ಬರೆಯಿರಿ. ಆರ್‌ಸಿ7ರ ಒಳಗೆ ಆ ಉತ್ತರ ತಲುಪಿದರೆ ಅಂತಿಮ ಬಿಡುಗಡೆಗೆ ಮೊದಲೇ ಆ ಪ್ಯಾಚ್ ಸೇರಿಕೊಳ್ಳುವ ಸಾಧ್ಯತೆ ಜಾಸ್ತಿ.